ಪೊಲೀಸ್ ಇಲಾಖೆಯನ್ನು ಒಂದು ನಗರ ರದ್ದು ಮಾಡಬಹುದೇ? ಮಿನಿಯಾಪೊಲಿಸ್ ಪ್ರಕರಣ

ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಸತ್ತು ಹದಿಮೂರು ದಿನ ಕಳೆದಿತ್ತು. 2020ರ ಜೂನ್ 7ರ ಭಾನುವಾರ ಅಮೆರಿಕದ ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರಸಭೆಯ ಒಂಬತ್ತು ಸದಸ್ಯರು ಪೌಡರ್‌ಹಾರ್ನ್ ಪಾರ್ಕಿನ ವೇದಿಕೆಯ ಮೇಲೆ ಒಟ್ಟಾಗಿ ನಿಂತರು. ತಮ್ಮ ನಗರದ ಪೊಲೀಸ್ ಇಲಾಖೆಯನ್ನು ಕೊನೆಗಾಣಿಸುವ ಕೆಲಸ ಇಂದಿನಿಂದ ಆರಂಭ ಎಂದು ನೆರೆದ ಜನರಿಗೆ ಮಾತು ಕೊಟ್ಟರು. ನಗರಸಭೆಯ ಸ್ಥಾನಗಳು ಹದಿಮೂರು. ಒಂಬತ್ತು ಮತ ಒಂದು ಕಡೆ ಬಿದ್ದರೆ ಮೇಯರ್ ವೀಟೊ ಚಲಾಯಿಸಿದರೂ ನಿರ್ಣಯ ಉಳಿಯುತ್ತದೆ. ಹಾಗಾಗಿ ಮರುದಿನ ಜಗತ್ತಿನ ಪತ್ರಿಕೆಗಳೆಲ್ಲ ಈ ನಗರದ ಪೊಲೀಸ್ ಇಲಾಖೆ ಮುಚ್ಚಿಯೇ ಹೋಯಿತು ಎಂಬ ಧಾಟಿಯಲ್ಲಿ ಬರೆದವು.

ಇಲಾಖೆ ಇಂದಿಗೂ ಇದೆ. ಹದಿನೇಳು ತಿಂಗಳ ನಂತರ ಅದೇ ಪ್ರಶ್ನೆ ಮತಪತ್ರದ ಮೇಲೆ ಬಂದಾಗ ನಗರದ ಜನರೇ ಬೇಡ ಎಂದರು. ಈ ಎರಡು ದಿನಾಂಕಗಳ ನಡುವೆ ನಡೆದದ್ದನ್ನು ನಿಧಾನವಾಗಿ ನೋಡುವ ಅಗತ್ಯವಿದೆ. ಒಂದು ನಗರ ತನ್ನ ಪೊಲೀಸ್ ಇಲಾಖೆಯನ್ನು ರದ್ದು ಮಾಡಬಹುದೇ ಎಂಬ ಪ್ರಶ್ನೆಗೆ ಇಷ್ಟು ಬಹಿರಂಗವಾಗಿ, ಇಷ್ಟು ಹಂತಗಳಲ್ಲಿ ಉತ್ತರ ಹುಡುಕಿದ ಇನ್ನೊಂದು ಊರು ನನಗೆ ಗೊತ್ತಿಲ್ಲ.

ಪೊಲೀಸರು ಯಾರ ಕೈಯಲ್ಲಿ

ನಮ್ಮ ಓದುಗರಿಗೆ ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಭಾರತದಲ್ಲಿ ಪೊಲೀಸ್ ವ್ಯವಸ್ಥೆ ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿದೆ. ಬೆಂಗಳೂರಿನ ಪೊಲೀಸ್ ಕಮಿಷನರ್ ರಾಜ್ಯ ಸರ್ಕಾರಕ್ಕೆ ಉತ್ತರ ಹೇಳುವವರು. ನಗರದ ಮೇಯರ್ ಒಬ್ಬ ಪೇದೆಯನ್ನೂ ವರ್ಗ ಮಾಡಲಾರರು. ಆದ್ದರಿಂದ ಈ ಪ್ರಶ್ನೆ ನಮ್ಮಲ್ಲಿ ಹುಟ್ಟುವುದೇ ಇಲ್ಲ. ಅಮೆರಿಕದಲ್ಲಿ ಬಹುಪಾಲು ಪೊಲೀಸ್ ಇಲಾಖೆಗಳು ಊರಿನವು. ನೀರು ಸರಬರಾಜು, ಕಸ ವಿಲೇವಾರಿ, ಅಗ್ನಿಶಾಮಕ ಇದ್ದಂತೆ ಪೊಲೀಸ್ ಕೂಡ ನಗರಾಡಳಿತದ ಒಂದು ವಿಭಾಗ. ಸಂಬಳ ಹೋಗುವುದು ನಗರದ ಖಜಾನೆಯಿಂದ, ಮುಖ್ಯಸ್ಥರನ್ನು ನೇಮಿಸುವುದು ನಗರದ ಚುನಾಯಿತ ಪ್ರತಿನಿಧಿಗಳು. ತಾನು ಕಟ್ಟಿದ್ದನ್ನು ತಾನೇ ಕೆಡವುವ ಅಧಿಕಾರವೂ ನಗರಕ್ಕೆ ಇರಬೇಕಲ್ಲವೇ?

ಇದೆ, ಮತ್ತು ಕೆಲವು ಊರುಗಳು ಅದನ್ನು ಬಳಸಿವೆ. ಕ್ಯಾಲಿಫೋರ್ನಿಯಾದ ಕಾಂಪ್ಟನ್ 2000ದಲ್ಲಿ ತನ್ನ ಇಲಾಖೆಯನ್ನು ಮುಚ್ಚಿ, ಲಾಸ್ ಏಂಜಲೀಸ್ ಕೌಂಟಿಯ, ಅಂದರೆ ಜಿಲ್ಲೆಯ, ಪೊಲೀಸ್ ಪಡೆಯಾದ ಶೆರಿಫ್ ಕಚೇರಿಗೆ ಹಣ ಕೊಟ್ಟು ಕಾವಲು ಒಪ್ಪಿಸಿತು. ನ್ಯೂಜೆರ್ಸಿಯ ಕ್ಯಾಮ್ಡೆನ್ 2013ರಲ್ಲಿ ಎಲ್ಲ ಪೊಲೀಸರನ್ನೂ ಕೆಲಸದಿಂದ ತೆಗೆಯಿತು; ಕೌಂಟಿಯ ಹೆಸರಿನಲ್ಲಿ ಹೊಸ ಇಲಾಖೆ ಹುಟ್ಟಿತು. ಹಳಬರು ಮತ್ತೆ ಅರ್ಜಿ ಹಾಕಿ ಸೇರಬೇಕಾಯಿತು, ಪೊಲೀಸರ ಸಂಘದೊಂದಿಗಿನ ಹಳೆಯ ವೇತನ ಒಪ್ಪಂದ ಬಿದ್ದುಹೋಯಿತು. ಮಿನಿಯಾಪೊಲಿಸ್ ಚರ್ಚೆಯುದ್ದಕ್ಕೂ ಕ್ಯಾಮ್ಡೆನ್ ಹೆಸರು ಪರ ವಿರೋಧ ಎರಡೂ ಕಡೆಯವರ ಬಾಯಲ್ಲಿ ಕೇಳಿಬಂತು. ಆದರೆ ಅಲ್ಲಿ ಹೊಸ ಇಲಾಖೆ ಬಂದ ಮೇಲೆ ಬೀದಿಗಿಳಿದ ಪೊಲೀಸರ ಸಂಖ್ಯೆ ಹೆಚ್ಚಿತು, ಆರಂಭದಲ್ಲಿ ಸಣ್ಣಪುಟ್ಟ ತಪ್ಪುಗಳಿಗೆ ಹಾಕುವ ಕೇಸುಗಳೂ ಏರಿದವು. ಪೌಡರ್‌ಹಾರ್ನ್ ಪಾರ್ಕಿನಲ್ಲಿ ನೆರೆದವರು ಕೇಳುತ್ತಿದ್ದದ್ದು ಇದನ್ನಲ್ಲ.

ಮಿನಿಯಾಪೊಲಿಸ್‌ನಲ್ಲಿ ಒಂದು ವಿಶೇಷ ತೊಡಕಿತ್ತು. ಈ ನಗರಕ್ಕೆ ಸಂವಿಧಾನದಂಥ ಒಂದು ಮೂಲ ಕಾನೂನು ಇದೆ. ಅಲ್ಲಿನವರು ಅದನ್ನು ಚಾರ್ಟರ್ ಎನ್ನುತ್ತಾರೆ. ಜನಸಂಖ್ಯೆಯ ಪ್ರತಿ ಸಾವಿರಕ್ಕೆ 1.7ರಷ್ಟು ಸಿಬ್ಬಂದಿಯ ಪೊಲೀಸ್ ಪಡೆಗೆ ನಗರಸಭೆ ಹಣ ಒದಗಿಸಲೇಬೇಕು ಎಂದು ಅದರಲ್ಲಿ 1961ರಲ್ಲೇ ಬರೆದಿಟ್ಟಿದ್ದಾರೆ. ಇಲಾಖೆಯ ರಚನೆ, ನಿರ್ವಹಣೆ, ಆಜ್ಞೆ ಎಲ್ಲದರ ಪೂರ್ಣ ಅಧಿಕಾರ ಮೇಯರ್ ಕೈಯಲ್ಲಿ ಎಂದೂ ಅದೇ ಚಾರ್ಟರ್ ಹೇಳುತ್ತದೆ. ಅಂದರೆ ವೇದಿಕೆಯ ಮೇಲೆ ಮಾತು ಕೊಟ್ಟ ಒಂಬತ್ತು ಮಂದಿಗೆ ಇಲಾಖೆಯನ್ನು ಮುಚ್ಚುವ ಅಧಿಕಾರ ಇರಲಿಲ್ಲ. ಕನಿಷ್ಠ ಸಂಖ್ಯೆಗಿಂತ ಕೆಳಗೆ ಹಣ ಕಡಿತ ಮಾಡುವ ಅಧಿಕಾರವೂ ಇರಲಿಲ್ಲ. ಮೇಯರ್ ಜೇಕಬ್ ಫ್ರೇ ಅದರ ಹಿಂದಿನ ದಿನವಷ್ಟೇ ತಮ್ಮ ಮನೆಯ ಬಳಿ ಬಂದ ಮೆರವಣಿಗೆಯ ಮುಂದೆ, ಇಲಾಖೆಯನ್ನು ಪೂರ್ತಿ ರದ್ದು ಮಾಡುವುದಕ್ಕೆ ನನ್ನ ಒಪ್ಪಿಗೆ ಇಲ್ಲ ಎಂದು ಹೇಳಿ, ಜನರ ಧಿಕ್ಕಾರದ ನಡುವೆ ಹೊರನಡೆದಿದ್ದರು. ಚಾರ್ಟರ್ ಬದಲಾಗಬೇಕು, ಅದಕ್ಕೆ ಮತದಾರರ ಒಪ್ಪಿಗೆ ಬೇಕು. ಆ ಭಾನುವಾರ ಇದನ್ನು ವೇದಿಕೆಯಿಂದ ಬಿಡಿಸಿ ಹೇಳಬೇಕಿತ್ತು. ಹೇಳದೆ ಹೋದದ್ದು ಈ ಪ್ರಕರಣದ ಮೊದಲ ದೊಡ್ಡ ತಪ್ಪು ಎಂದು ನಾನು ತಿಳಿದಿದ್ದೇನೆ.

ಸುಧಾರಣೆ ನಡೆಯುತ್ತಿದ್ದ ಊರು

ಪೊಲೀಸ್ ಇಲಾಖೆಯನ್ನೇ ಮುಚ್ಚಿ ಎಂದು ಕೇಳಿದಾಗ ನಮ್ಮಲ್ಲಿ ಯಾರಾದರೂ ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವುದೇ ಎಂದಾರು. ಆ ಬೇಡಿಕೆ ಇಟ್ಟವರ ವಾದವನ್ನು ಅವರ ಬಲವಾದ ನೆಲೆಯಿಂದ ಕೇಳಬೇಕು. ಮಿನಿಯಾಪೊಲಿಸ್ ಸುಧಾರಣೆಯ ಗಾಳಿ ಸೋಕದ ಊರಲ್ಲ. 2015ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಪೊಲೀಸರ ಮೇಲೆ ಜನರ ವಿಶ್ವಾಸ ಬೆಳೆಸಲು ಆರು ನಗರಗಳಲ್ಲಿ ಕೈಗೊಂಡ ಯೋಜನೆಯಲ್ಲಿ ಅದೂ ಒಂದು. ಪೂರ್ವಗ್ರಹ ನಿವಾರಣೆಯ ತರಬೇತಿ ಆಯಿತು, ಪೊಲೀಸರ ಮೈಮೇಲೆ ಕ್ಯಾಮೆರಾ ಬಂತು. ಸಹೋದ್ಯೋಗಿ ಮಿತಿಮೀರಿ ಬಲ ಬಳಸುತ್ತಿದ್ದರೆ ತಡೆಯುವುದು ಪ್ರತಿ ಪೊಲೀಸನ ಕರ್ತವ್ಯ ಎಂಬ ನಿಯಮ 2016ರಲ್ಲೇ ಬಂತು. 2017ರಲ್ಲಿ ಮೆಡಾರಿಯಾ ಅರಾಡಾಂಡೊ ಇಲಾಖೆಯ ಮೊದಲ ಕಪ್ಪು ಮುಖ್ಯಸ್ಥರಾದರು. ಅವರು 2007ರಲ್ಲಿ ಇತರ ನಾಲ್ವರು ಕಪ್ಪು ಅಧಿಕಾರಿಗಳ ಜೊತೆ ಸೇರಿ ವರ್ಣಭೇದದ ವಿರುದ್ಧ ಇದೇ ಇಲಾಖೆಯ ಮೇಲೆ ಮೊಕದ್ದಮೆ ಹೂಡಿದವರು. 2019ರಲ್ಲಿ ಮೇಯರ್ ಫ್ರೇ, ಎದುರಿಗೆ ಬಂದವರನ್ನೆಲ್ಲ ಶತ್ರುಗಳೆಂದು ನೋಡಲು ಕಲಿಸುವ ಖಾಸಗಿ ತರಬೇತಿಗಳನ್ನು ನಿಷೇಧಿಸಿದರು. ಆಗ ಬಾಬ್ ಕ್ರೋಲ್ ನೇತೃತ್ವದ ಪೊಲೀಸರ ಸಂಘ ಅದೇ ಬಗೆಯ ತರಬೇತಿಯನ್ನು ತನ್ನ ಸದಸ್ಯರಿಗೆ ಉಚಿತವಾಗಿ ಕೊಡಿಸುವುದಾಗಿ ಸಾರಿತು.

ಇಷ್ಟೆಲ್ಲ ಇದ್ದೂ 2020ರ ಮೇ 25ರ ಸಂಜೆ 38ನೇ ಸ್ಟ್ರೀಟ್ ಮತ್ತು ಶಿಕಾಗೊ ಅವೆನ್ಯೂ ಕೂಡುವಲ್ಲಿ, 20 ಡಾಲರಿನ ಖೋಟಾ ನೋಟು ಕೊಟ್ಟ ಅನುಮಾನದ ಮೇಲೆ ಹಿಡಿದ ವ್ಯಕ್ತಿಯ ಕುತ್ತಿಗೆಯ ಮೇಲೆ ಡೆರೆಕ್ ಶೋವಿನ್ ಒಂಬತ್ತು ನಿಮಿಷಕ್ಕೂ ಮೀರಿ ಮೊಣಕಾಲೂರಿದ. ಅವನು ಹೊಸಬರಿಗೆ ಕೆಲಸ ಕಲಿಸುವ ಅಧಿಕಾರಿ. ಆಗಷ್ಟೇ ಸೇರಿದ್ದ ಇಬ್ಬರು ಅವನ ಪಕ್ಕದಲ್ಲೇ ಫ್ಲಾಯ್ಡ್ ಅವರನ್ನು ಅದುಮಿ ಹಿಡಿದಿದ್ದರು. ಅನುಭವಿಯಾದ ಮತ್ತೊಬ್ಬ ಪೊಲೀಸ್ ನೋಡುತ್ತಿದ್ದ ಜನರನ್ನು ತಡೆದು ನಿಂತಿದ್ದ. ತಡೆಯುವ ಕರ್ತವ್ಯ ಪುಸ್ತಕದಲ್ಲಿತ್ತು, ಮೈಮೇಲಿನ ಕ್ಯಾಮೆರಾಗಳೂ ಇದ್ದವು. ಆ ರಾತ್ರಿ ಇಲಾಖೆ ಹೊರಡಿಸಿದ ಹೇಳಿಕೆ, ಪೊಲೀಸರೊಂದಿಗಿನ ಮುಖಾಮುಖಿಯ ವೇಳೆ ವೈದ್ಯಕೀಯ ತೊಂದರೆಯಿಂದ ಒಬ್ಬ ವ್ಯಕ್ತಿ ಸತ್ತ ಎಂದಿತು. ಹದಿನೇಳು ವರ್ಷದ ಹುಡುಗಿಯೊಬ್ಬಳು ತನ್ನ ಮೊಬೈಲಿನಲ್ಲಿ ಸೆರೆಹಿಡಿದ ದೃಶ್ಯ ಇರದಿದ್ದರೆ ಆ ಹೇಳಿಕೆಯೇ ಕಡತದಲ್ಲಿ ಉಳಿಯುತ್ತಿತ್ತು.

ಶೋವಿನ್ ಮೇಲೆ ಮೊದಲೇ ಹತ್ತಕ್ಕೂ ಹೆಚ್ಚು ದೂರುಗಳಿದ್ದವು. ಬಹುತೇಕ ಎಲ್ಲವೂ ಯಾವ ಶಿಕ್ಷೆಯೂ ಇಲ್ಲದೆ ಮುಗಿದಿದ್ದವು. 2017ರಲ್ಲಿ ಹದಿನಾಲ್ಕು ವರ್ಷದ ಬಾಲಕನ ಕುತ್ತಿಗೆಯನ್ನೂ ಅವನು ಹೀಗೆಯೇ ಅದುಮಿದ್ದ. ಅದನ್ನು ಮುಂದೆ ಫೆಡರಲ್ ನ್ಯಾಯಾಲಯದಲ್ಲಿ ತಾನೇ ಒಪ್ಪಿಕೊಂಡ. ಇಂಥವನನ್ನು ಮುಖ್ಯಸ್ಥರು ವಜಾ ಮಾಡಿದರೂ ಸಂಘ ಮಧ್ಯಸ್ಥಿಕೆದಾರರ ಮುಂದೆ ಹೋಗಿ ಮತ್ತೆ ಕೆಲಸಕ್ಕೆ ತರುವ ದಾರಿ ಮಿನೆಸೋಟದ ಕಾನೂನಿನಲ್ಲಿದೆ. ರದ್ದತಿಯ ಚಳವಳಿ ನಡೆಸಿದ ಬ್ಲ್ಯಾಕ್ ವಿಷನ್ಸ್, ರಿಕ್ಲೇಮ್ ದಿ ಬ್ಲಾಕ್ ಸಂಘಟನೆಗಳು ಕೇಳಿದ್ದು ಇದನ್ನೇ: ತರಬೇತಿ ಕೊಟ್ಟಿರಿ, ನಿಯಮ ಬರೆದಿರಿ, ಒಳ್ಳೆಯ ಮುಖ್ಯಸ್ಥರನ್ನು ತಂದಿರಿ, ಇನ್ನೇನು ಉಳಿದಿದೆ? 1867ರಲ್ಲಿ ಹುಟ್ಟಿದ ಇಲಾಖೆಗೆ ನೂರೈವತ್ತು ತುಂಬಿದಾಗ ಎಂಪಿಡಿ150 ಎಂಬ ಗುಂಪು ಅದರ ಇತಿಹಾಸವನ್ನೆಲ್ಲ ಕಲೆಹಾಕಿ, ಇದು ತಿದ್ದಿ ಸರಿಯಾಗುವಂಥದ್ದಲ್ಲ ಎಂದು ಫ್ಲಾಯ್ಡ್ ಸಾವಿಗೆ ಮೂರು ವರ್ಷ ಮೊದಲೇ ವರದಿ ಬರೆದಿತ್ತು. ಈ ವಾದಕ್ಕೆ ಸುಧಾರಣೆಯ ಪರ ಇರುವವರು ಸಮಾಧಾನಕರ ಉತ್ತರ ಕೊಟ್ಟದ್ದನ್ನು ನಾನು ಕಂಡಿಲ್ಲ. ನಾನೂ ಆ ಪಕ್ಷಕ್ಕೆ ಹತ್ತಿರದವನೇ, ಆದರೂ ಇದನ್ನು ಹೇಳಲೇಬೇಕು.

ಹದಿನೈದು ಜನರ ಆಯೋಗ

ಜೂನ್ 26ರಂದು ನಗರಸಭೆ ಚಾರ್ಟರಿನಿಂದ ಪೊಲೀಸ್ ಇಲಾಖೆಯನ್ನು ತೆಗೆಯುವ ತಿದ್ದುಪಡಿಯನ್ನು 12–0 ಮತಗಳಿಂದ ಮುಂದಕ್ಕೆ ಕಳುಹಿಸಿತು. ಒಂದು ಸ್ಥಾನ ಖಾಲಿ ಇತ್ತು. ಕಳುಹಿಸಿದ್ದು ಚಾರ್ಟರ್ ಆಯೋಗಕ್ಕೆ. ಇದರ ಹದಿನೈದು ಸದಸ್ಯರನ್ನು ಜನ ಆರಿಸುವುದಿಲ್ಲ, ಮಿನಿಯಾಪೊಲಿಸ್ ಇರುವ ಹೆನೆಪಿನ್ ಕೌಂಟಿಯ ಮುಖ್ಯ ನ್ಯಾಯಾಧೀಶರು ನೇಮಿಸುತ್ತಾರೆ. ತಿದ್ದುಪಡಿಯನ್ನು ಕೊಲ್ಲುವ ಅಧಿಕಾರ ಆಯೋಗಕ್ಕಿಲ್ಲ. ಅದು ಬೇಡವೆಂದರೂ ನಗರಸಭೆ ಮತಪತ್ರಕ್ಕೆ ಹಾಕಬಹುದು. ಆದರೆ ಪರಿಶೀಲನೆಗೆ ಸಮಯ ತೆಗೆದುಕೊಳ್ಳುವ ಅಧಿಕಾರ ಅದಕ್ಕಿದೆ. ಆಗಸ್ಟ್ 5ರಂದು ಆಯೋಗ 10–5 ಮತಗಳಿಂದ ಇನ್ನೂ 90 ದಿನ ಬೇಕೆಂದಿತು. ನವೆಂಬರ್ ಮತಪತ್ರಕ್ಕೆ ಪ್ರಶ್ನೆ ಸೇರಿಸುವ ಗಡುವು ಆಗಸ್ಟ್ 21. ಅಲ್ಲಿಗೆ 2020ರ ಮತದಾನದ ಮಾತು ಮುಗಿಯಿತು.

ಯಾರೂ ಆರಿಸದ ಹದಿನೈದು ಮಂದಿ ಜನರ ಮತವನ್ನು ಒಂದು ವರ್ಷ ಮುಂದೆ ತಳ್ಳಿದರು ಎಂದು ಚಳವಳಿಗಾರರು ಕೆರಳಿದರು. ಅವರ ಸಿಟ್ಟಿಗೆ ಕಾರಣ ಇತ್ತು. ಆದರೆ ಆಯೋಗದ ಮುಂದೆ ಬಂದ ಕರಡನ್ನು ಓದಿದರೆ ಆಯೋಗದ ಸದಸ್ಯರ ಹಿಂಜರಿಕೆಯೂ ಅರ್ಥವಾಗುತ್ತದೆ. ಸಮುದಾಯ ಸುರಕ್ಷತೆ ಮತ್ತು ಹಿಂಸಾ ತಡೆ ಇಲಾಖೆ ಎಂಬ ಹೊಸ ಹೆಸರು ಅದರಲ್ಲಿತ್ತು. ಆ ಇಲಾಖೆಯಲ್ಲಿ ಎಷ್ಟು ಜನ, ಅವರ ಕೆಲಸವೇನು, ರಾತ್ರಿ ಎರಡು ಗಂಟೆಗೆ ಬಾಗಿಲು ಒಡೆಯುತ್ತಿದ್ದಾರೆ ಎಂದು ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರೆ ಹೊರಡುವವರು ಯಾರು ಎಂಬುದರ ವಿವರ ಇರಲಿಲ್ಲ. ನಗರಸಭೆಯ ಸದಸ್ಯರಲ್ಲೂ ಒಮ್ಮತ ಕರಗುತ್ತಿತ್ತು. ತಾವು ಕೊಟ್ಟ ಮಾತಿನ ಆಶಯ ಮುಖ್ಯ, ಅಕ್ಷರವಲ್ಲ ಎಂದು ಒಬ್ಬರು, ಅದಕ್ಕೆ ಬೇರೆ ಬೇರೆ ಅರ್ಥ ಸಾಧ್ಯ ಎಂದು ಇನ್ನೊಬ್ಬರು ಬೇಸಿಗೆ ಕಳೆಯುವ ಹೊತ್ತಿಗೆ ಹೇಳತೊಡಗಿದರು. ನಮ್ಮ ಪ್ರತಿಜ್ಞೆ ನಮ್ಮ ವಾರ್ಡುಗಳಲ್ಲಿ ಗೊಂದಲ ಹುಟ್ಟಿಸಿತು ಎಂದು ನಗರಸಭೆಯ ಅಧ್ಯಕ್ಷೆ ಲೀಸಾ ಬೆಂಡರ್ ಒಪ್ಪಿಕೊಂಡರು.

ಡಿಸೆಂಬರಿನ ಬಜೆಟ್‌ನಲ್ಲಿ ಸುಮಾರು 18 ಕೋಟಿ ಡಾಲರಿನ ಪೊಲೀಸ್ ಅನುದಾನದಿಂದ 80 ಲಕ್ಷದಷ್ಟನ್ನು ಹಿಂಸಾ ತಡೆ, ಮಾನಸಿಕ ಆರೋಗ್ಯ ಮುಂತಾದ ಕೆಲಸಗಳಿಗೆ ತಿರುಗಿಸಿದರು. ಅನುಮೋದಿತ ಪೊಲೀಸರ ಸಂಖ್ಯೆಯನ್ನು 888ರಿಂದ 750ಕ್ಕೆ ಇಳಿಸುವ ಪ್ರಸ್ತಾಪ ಮೇಯರ್ ವೀಟೊ ಬೆದರಿಕೆ ಹಾಕಿದ ಮೇಲೆ ಒಂದೇ ಒಂದು ಮತದಿಂದ ಬಿದ್ದುಹೋಯಿತು. ಎರಡು ತಿಂಗಳಿಗೆ ಅದೇ ನಗರಸಭೆ ಹೊಸ ಪೊಲೀಸರ ನೇಮಕಕ್ಕೆ 64 ಲಕ್ಷ ಡಾಲರ್ ಮಂಜೂರು ಮಾಡಿತು.

ಉತ್ತರ ಭಾಗದ ಜನ

ಈ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ನಾರ್ತ್ ಮಿನಿಯಾಪೊಲಿಸ್. ನಗರದ ಕಪ್ಪು ಜನರಲ್ಲಿ ಬಹಳಷ್ಟು ಮಂದಿ ವಾಸಿಸುವ, ದಶಕಗಳಿಂದ ಬಡತನವನ್ನೂ ಗುಂಡಿನ ಸದ್ದನ್ನೂ ಒಟ್ಟಿಗೆ ಸಹಿಸಿದ ಪ್ರದೇಶ ಅದು. 2015ರಲ್ಲಿ ಜಮಾರ್ ಕ್ಲಾರ್ಕ್ ಎಂಬ ಇಪ್ಪತ್ನಾಲ್ಕರ ಯುವಕ ಪೊಲೀಸ್ ಗುಂಡಿಗೆ ಬಲಿಯಾದದ್ದು ಅಲ್ಲೇ. ನಾಲ್ಕನೆಯ ಠಾಣೆಯ ಮುಂದೆ ಚಳಿಯಲ್ಲಿ ಹದಿನೆಂಟು ದಿನ ಜನ ಬೀಡುಬಿಟ್ಟದ್ದೂ ಅಲ್ಲೇ. ಪೊಲೀಸರ ಬಗ್ಗೆ ಅವರಿಗೆ ಯಾವ ಭ್ರಮೆಯೂ ಇರಲಿಲ್ಲ.

ಆದರೆ 2020ರ ಬೇಸಿಗೆಯಿಂದ ಅವರ ಬೀದಿಗಳಲ್ಲಿ ಗುಂಡಿನ ದಾಳಿ ಏರುತ್ತಲೇ ಹೋಯಿತು. ನಗರದಲ್ಲಿ 2019ರಲ್ಲಿ 48 ಕೊಲೆಗಳಾಗಿದ್ದರೆ 2021ರಲ್ಲಿ ಆ ಸಂಖ್ಯೆ 90ನ್ನು ದಾಟಿತು. ಕೋವಿಡ್‌ನ ಆ ವರ್ಷಗಳಲ್ಲಿ ಅಮೆರಿಕದಾದ್ಯಂತ ಕೊಲೆಗಳು ಏರಿದ್ದವು, ಆದ್ದರಿಂದ ಇದನ್ನು ಒಂದು ನಗರಸಭೆಯ ಪ್ರತಿಜ್ಞೆಗೆ ಕಟ್ಟುವುದು ಅನ್ಯಾಯ. ಆದರೂ 2021ರ ವಸಂತದಲ್ಲಿ ಕೆಲವೇ ವಾರಗಳ ಅಂತರದಲ್ಲಿ ಮೂರು ಮಕ್ಕಳ ತಲೆಗೆ ಗುಂಡು ಬಿತ್ತು. ಒಬ್ಬಳು ಟ್ರ್ಯಾಂಪೊಲಿನ್ ಮೇಲೆ ಆಡುತ್ತಿದ್ದವಳು, ಇನ್ನಿಬ್ಬರು ಕಾರಿನಲ್ಲಿ ಕೂತಿದ್ದವರು. ಆರು ಮತ್ತು ಒಂಬತ್ತು ವರ್ಷದ ಇಬ್ಬರು ಹೆಣ್ಣುಮಕ್ಕಳು ಉಳಿಯಲಿಲ್ಲ. ಆ ಬೀದಿಗಳ ತಾಯಂದಿರಿಗೆ ಪೊಲೀಸರ ಸಂಖ್ಯೆ ಇಳಿಯುವುದು ತತ್ತ್ವದ ಪ್ರಶ್ನೆಯಾಗಿ ಕಾಣಲು ಸಾಧ್ಯವೇ ಇರಲಿಲ್ಲ.

ಅಲ್ಲಿನ ಎಂಟು ನಿವಾಸಿಗಳು 2020ರ ಆಗಸ್ಟ್‌ನಲ್ಲೇ ನ್ಯಾಯಾಲಯಕ್ಕೆ ಹೋಗಿದ್ದರು. ಅವರ ಕೇಳಿಕೆ ಸರಳ: ಚಾರ್ಟರಿನಲ್ಲಿ ಬರೆದಷ್ಟು ಪೊಲೀಸರನ್ನಾದರೂ ಇಡಿ. 2020ರ ಜನಗಣತಿಯಲ್ಲಿ ನಗರದ ಜನಸಂಖ್ಯೆ 4,29,954. ಸಾವಿರಕ್ಕೆ 1.7ರಂತೆ ಲೆಕ್ಕ ಹಾಕಿದರೆ 731. ಫ್ಲಾಯ್ಡ್ ಸಾವಿಗೆ ಮೊದಲು ಸುಮಾರು 900 ಪೊಲೀಸರಿದ್ದ ಇಲಾಖೆ ಆಗಲೇ ಈ ಸಂಖ್ಯೆಯ ಕೆಳಗೆ ಜಾರುತ್ತಿತ್ತು. ಮಾನಸಿಕ ಆಘಾತದ ಕಾರಣ ಕೊಟ್ಟು ನೂರಾರು ಪೊಲೀಸರು ರಜೆ ಹಾಕಿ ಹೊರಟಿದ್ದರು.

2021ರ ಸೆಪ್ಟೆಂಬರಿನಲ್ಲಿ ಸ್ಥಳೀಯ ಮಾಧ್ಯಮಗಳು ನಡೆಸಿದ ಸಮೀಕ್ಷೆಯಲ್ಲಿ ಇಲಾಖೆಯ ಬದಲು ಹೊಸದನ್ನು ತರುವುದಕ್ಕೆ 49 ಪ್ರತಿಶತ ಮತದಾರರು ಹೌದೆಂದರು, 41 ಪ್ರತಿಶತ ಬೇಡವೆಂದರು. ಪೊಲೀಸರ ಸಂಖ್ಯೆ ಕಡಿಮೆ ಮಾಡಬೇಕೇ ಎಂದು ಕೇಳಿದಾಗ 55 ಪ್ರತಿಶತ ಬೇಡ ಎಂದರು. ಕಪ್ಪು ಮತದಾರರಲ್ಲಿ ಹಾಗೆಂದವರು 75 ಪ್ರತಿಶತ. ಇಲಾಖೆಯ ಕ್ರೌರ್ಯವನ್ನು ವರ್ಷಗಳ ಕಾಲ ಎದುರಿಸಿದ ನಾಗರಿಕ ಹಕ್ಕುಗಳ ವಕೀಲೆ ನೆಕಿಮಾ ಲೆವಿ ಆರ್ಮ್‌ಸ್ಟ್ರಾಂಗ್ ಕೂಡ ತಿದ್ದುಪಡಿಯನ್ನು ವಿರೋಧಿಸಿದರು. ಕಪ್ಪು ಜನ ಒಕ್ಕೊರಲಿನಿಂದ ರದ್ದತಿ ಕೇಳುತ್ತಿದ್ದಾರೆ ಎಂದು ದೂರದಲ್ಲಿ ಕುಳಿತು ನಂಬಿದವರು, ಆ ಜನರ ಬೀದಿಗೆ ಹೋಗಿ ಕೇಳಿರಲಿಲ್ಲ. ಹಾಗೆಂದು ಅವರು ಇದ್ದ ಇಲಾಖೆಯನ್ನು ಒಪ್ಪಿದ್ದರು ಎಂದೂ ಅಲ್ಲ. ಕರೆದಾಗ ಬರುವ, ಬಂದಾಗ ಕೊಲ್ಲದ ಪೊಲೀಸರು ಅವರಿಗೆ ಬೇಕಿತ್ತು. ಎರಡನ್ನೂ ಒಟ್ಟಿಗೆ ಕೇಳುವ ಹಕ್ಕು ಅವರದು. ಮತಪತ್ರದಲ್ಲಿ ಅದಕ್ಕೆ ಜಾಗ ಇರಲಿಲ್ಲ.

ಎರಡನೆಯ ಪ್ರಶ್ನೆ

ನಗರಸಭೆಯ ದಾರಿ ಮುಚ್ಚಿದ ಮೇಲೆ ಚಳವಳಿಗಾರರು ಯೆಸ್ 4 ಮಿನಿಯಾಪೊಲಿಸ್ ಎಂಬ ಒಕ್ಕೂಟ ಕಟ್ಟಿಕೊಂಡು ಸಹಿ ಸಂಗ್ರಹಕ್ಕಿಳಿದರು. ಬೇಕಿದ್ದದ್ದು 11,906 ಸಹಿ. ಅವರು 2021ರ ಏಪ್ರಿಲ್ ಕೊನೆಯಲ್ಲಿ ಒಪ್ಪಿಸಿದ್ದು 20,000ಕ್ಕೂ ಹೆಚ್ಚು. ಜನರಿಂದಲೇ ಹೊರಟ ಈ ತಿದ್ದುಪಡಿ ಮೊದಲಿನದಕ್ಕಿಂತ ಎಚ್ಚರದಿಂದ ಬರೆದದ್ದು. ಪೊಲೀಸ್ ಇಲಾಖೆಯ ಜಾಗದಲ್ಲಿ ಸಾರ್ವಜನಿಕ ಸುರಕ್ಷತಾ ಇಲಾಖೆ ಬರಬೇಕು. ಅದರ ಧೋರಣೆ ಸಾರ್ವಜನಿಕ ಆರೋಗ್ಯದ್ದಾಗಿರಬೇಕು. ಅಗತ್ಯವಿದ್ದರೆ ಪೊಲೀಸ್ ಅಧಿಕಾರಿಗಳೂ ಅದರಲ್ಲಿ ಇರಬಹುದು. ಕನಿಷ್ಠ ಸಂಖ್ಯೆಯ ನಿಯಮ ಹೋಗುತ್ತದೆ. ಮೇಯರ್ ಒಬ್ಬರದೇ ಪೂರ್ಣ ಅಧಿಕಾರವೂ ಹೋಗಿ ನಗರಸಭೆಗೆ ಪಾಲು ಸಿಗುತ್ತದೆ.

ಒಂದು ವರ್ಷದ ಹಿಂದಿನ ಘೋಷಣೆಗೂ ಈ ಪಠ್ಯಕ್ಕೂ ಬಹಳ ದೂರ. ಇಲಾಖೆಯನ್ನು ಇಲ್ಲವಾಗಿಸುತ್ತೇವೆ ಎಂದಿದ್ದವರು ಈಗ ಪೊಲೀಸರೂ ಇರುತ್ತಾರೆ ಎಂದು ಮನೆಮನೆಗೆ ಹೋಗಿ ಹೇಳಬೇಕಾಯಿತು. ಎದುರಾಳಿಗಳು ಆ ಪಾರ್ಕಿನ ಪ್ರತಿಜ್ಞೆಯನ್ನೇ ಹಿಡಿದು ಮಾತನಾಡಿದರು. ಅವರ ಇನ್ನೊಂದು ಬಾಣ: ಪೊಲೀಸ್ ಮುಖ್ಯಸ್ಥರಿಗೆ ಇನ್ನು ಮುಂದೆ ಹದಿನಾಲ್ಕು ಯಜಮಾನರು. ಅರಾಡಾಂಡೊ ಚುನಾವಣೆಗೆ ಕೆಲವೇ ದಿನ ಮೊದಲು ಪತ್ರಿಕಾಗೋಷ್ಠಿ ಕರೆದು, ವಿವರವಾದ ಯೋಜನೆ ಹಾಗಿರಲಿ, ಕೈ ಒರೆಸುವ ಕಾಗದದ ಮೇಲೆ ಗೀಚಿದ ಚಿತ್ರವನ್ನೂ ನನಗೆ ಯಾರೂ ತೋರಿಸಿಲ್ಲ ಎಂದರು. ಚಳವಳಿಗಾರರಿಂದ ಇದಕ್ಕೆ ಬಂದ ಉತ್ತರ, ಮೊದಲು ಚಾರ್ಟರ್ ಬದಲಾಗಲಿ, ವಿವರಗಳನ್ನು ಆಮೇಲೆ ಜನರೊಂದಿಗೆ ಕೂತು ರೂಪಿಸೋಣ ಎಂಬುದು. ಕಾನೂನಿನ ದೃಷ್ಟಿಯಿಂದ ಅದು ಸರಿ, ಏಕೆಂದರೆ ಚಾರ್ಟರಿನಲ್ಲಿ ಗಸ್ತಿನ ವೇಳಾಪಟ್ಟಿ ಬರೆಯುವುದಿಲ್ಲ. ಆದರೆ ಮಗುವಿನ ಮೇಲೆ ಗುಂಡು ಬಿದ್ದ ಬೀದಿಯಲ್ಲಿ ವಾಸಿಸುವವರಿಗೆ ಆಮೇಲೆ ಎಂಬ ಮಾತು ಸಾಲದು. ಹದಿನೇಳು ತಿಂಗಳು ಸಿಕ್ಕಿತ್ತು. ಅಷ್ಟರಲ್ಲಿ ಒಂದು ಮಾದರಿ ನಗರ ಕಾಯ್ದೆಯನ್ನೋ ಒಂದು ಸಿಬ್ಬಂದಿ ಪಟ್ಟಿಯನ್ನೋ ಜನರ ಮುಂದಿಡಬಹುದಿತ್ತು ಎಂದು ನನಗೆ ಈಗಲೂ ಅನಿಸುತ್ತದೆ.

ಮತಪತ್ರದಲ್ಲಿ ಎರಡನೆಯದಾಗಿದ್ದ ಈ ಪ್ರಶ್ನೆಯ ಪದಗಳ ಮೇಲೇ ನ್ಯಾಯಾಲಯದಲ್ಲಿ ಜಗಳ ನಡೆಯಿತು. ಜಿಲ್ಲಾ ನ್ಯಾಯಾಧೀಶೆ ಜೇಮಿ ಆಂಡರ್ಸನ್ ಅದು ಮತದಾರರನ್ನು ದಾರಿ ತಪ್ಪಿಸುತ್ತದೆ ಎಂದು ತಳ್ಳಿಹಾಕಿದರು. ನಗರಸಭೆ ಮತ್ತೆ ಬರೆಯಿತು. ಅವರು ಮತ್ತೆ ತಳ್ಳಿಹಾಕಿದರು. ಸೆಪ್ಟೆಂಬರ್ 16ರಂದು ಮಿನೆಸೋಟದ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಮುಂಗಡ ಮತದಾನ ಶುರುವಾದದ್ದು ಮರುದಿನ.

ರಾಜ್ಯದ ಡೆಮಾಕ್ರಟಿಕ್ ಪಕ್ಷವೇ ಇಬ್ಭಾಗವಾಯಿತು. ಸಂಸದೆ ಇಲ್ಹಾನ್ ಒಮರ್, ಶೋವಿನ್‌ಗೆ ಶಿಕ್ಷೆ ಕೊಡಿಸಿದ ಅಟಾರ್ನಿ ಜನರಲ್ ಕೀತ್ ಎಲಿಸನ್ ಪರವಾಗಿ ನಿಂತರು. ಗವರ್ನರ್ ಟಿಮ್ ವಾಲ್ಜ್, ಸೆನೆಟರ್ ಏಮಿ ಕ್ಲೊಬುಶಾರ್ ವಿರೋಧಿಸಿದರು. ನವೆಂಬರ್ 2ರಂದು ಸುಮಾರು 56 ಪ್ರತಿಶತ ಬೇಡ ಎಂದು, 44 ಪ್ರತಿಶತ ಬೇಕು ಎಂದು ಮತ ಹಾಕಿದರು. ಫ್ರೇ ಮತ್ತೆ ಗೆದ್ದರು. ಮೇಯರ್ ಅಧಿಕಾರವನ್ನು ಇನ್ನಷ್ಟು ಬಲಪಡಿಸುವ, ಅದೇ ಮತಪತ್ರದ ಮೊದಲನೆಯ ಪ್ರಶ್ನೆ ಅದೇ ದಿನ ಪಾಸಾಯಿತು. ಪ್ರತಿಜ್ಞೆ ಮಾಡಿದವರಲ್ಲಿ ಬೆಂಡರ್ ಸ್ಪರ್ಧಿಸಲೇ ಇಲ್ಲ, ಇನ್ನು ಕೆಲವರು ಸೋತರು.

ಸೋಲು ಎಂದೇನೋ ಎಲ್ಲರೂ ಬರೆದರು. ನನಗೆ ಆ 44 ಪ್ರತಿಶತ ಸಣ್ಣ ಸಂಖ್ಯೆಯಾಗಿ ಕಾಣುವುದಿಲ್ಲ. ನೂರೈವತ್ತು ವರ್ಷ ದಾಟಿದ ಇಲಾಖೆಯ ಮೇಲೆ, ಕೊಲೆಗಳು ಏರುತ್ತಿದ್ದ ವರ್ಷದಲ್ಲಿ, ಅದರ ಜಾಗಕ್ಕೆ ಏನು ಬರುತ್ತದೆಂದು ಗೊತ್ತಿಲ್ಲದೆಯೂ, ಅರವತ್ತು ಸಾವಿರಕ್ಕೂ ಹೆಚ್ಚು ಜನ ಇದು ನಮಗೆ ಬೇಡ ಎಂದು ಬರೆದುಕೊಟ್ಟರು.

ಮತದಾನದ ನಂತರ

2022ರ ಜೂನ್‌ನಲ್ಲಿ ಮಿನೆಸೋಟದ ಸುಪ್ರೀಂ ಕೋರ್ಟ್ ಉತ್ತರ ಭಾಗದ ಎಂಟು ಜನರ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು: 731 ಪೊಲೀಸರಿಗೆ ಹಣ ಒದಗಿಸುವುದು ನಗರಸಭೆಯ ಕರ್ತವ್ಯ, ಅಷ್ಟು ಜನರನ್ನು ನೇಮಿಸುವುದು ಮೇಯರ್ ಕರ್ತವ್ಯ. ಹಣ ಇತ್ತು, ಆದೇಶ ಇತ್ತು, ಆದರೆ ಕೆಲಸಕ್ಕೆ ಸೇರುವವರು ಇರಲಿಲ್ಲ. ಇಲಾಖೆ ಆಗ 600ರ ಆಸುಪಾಸಿಗೆ ಇಳಿದಿತ್ತು. ಯಾರೂ ರದ್ದು ಮಾಡದ ಇಲಾಖೆಯಿಂದ ಮೂರನೆಯ ಒಂದು ಭಾಗ ಪೊಲೀಸರು ತಾವಾಗಿ ಹೊರಟುಹೋಗಿದ್ದರು. ಹೊಸಬರನ್ನು ಸೆಳೆಯಲು 2024ರಲ್ಲಿ ನಗರ ಮೂರು ವರ್ಷಕ್ಕೆ 21.7 ಪ್ರತಿಶತ ಸಂಬಳ ಏರಿಕೆಯ ಒಪ್ಪಂದಕ್ಕೆ ಬಂದಿತು.

ಇದೇ ಹೊತ್ತಿನಲ್ಲಿ, ಹೆಚ್ಚು ಸದ್ದಿಲ್ಲದೆ, ಚಳವಳಿ ಕೇಳಿದ್ದರಲ್ಲಿ ಒಂದು ಭಾಗ ಜಾರಿಗೆ ಬಂತು. ಮತದಾನ ಮುಗಿದ ಮರುತಿಂಗಳು, 2021ರ ಡಿಸೆಂಬರಿನಲ್ಲಿ, ಮಾನಸಿಕ ತೊಂದರೆಯ 911 ಕರೆಗಳಿಗೆ ಪೊಲೀಸರ ಬದಲು ಇಬ್ಬರು ಆಪ್ತಸಮಾಲೋಚಕರ ತಂಡಗಳು ವ್ಯಾನಿನಲ್ಲಿ ಹೋಗತೊಡಗಿದವು. ಅವರ ಬಳಿ ಬಂದೂಕಿಲ್ಲ. ಕ್ಯಾನಪಿ ರೂಟ್ಸ್ ಎಂಬ ಸಂಸ್ಥೆ ನಗರಕ್ಕಾಗಿ ಇದನ್ನು ನಡೆಸುತ್ತದೆ. ಸಾವಿರಾರು ಕರೆಗಳನ್ನು ಈ ತಂಡಗಳು ನಿಭಾಯಿಸಿವೆ. ಇದಕ್ಕೆ ಚಾರ್ಟರ್ ತಿದ್ದುಪಡಿ ಬೇಕಾಗಲಿಲ್ಲ. ಬಜೆಟ್ಟಿನಲ್ಲಿ ಒಂದು ಸಾಲು ಸಾಕಾಯಿತು. ಪಾರ್ಕಿನಲ್ಲಿ ಪ್ರತಿಜ್ಞೆ ಮಾಡಿದವರು ಮೊದಲ ದಿನದಿಂದ ಇದನ್ನೇ ಕಟ್ಟಿ, ಬೆಳೆಸಿ, ಜನರಿಗೆ ತೋರಿಸಿ ಆಮೇಲೆ ಚಾರ್ಟರಿಗೆ ಕೈಹಾಕಿದ್ದರೆ ಮತದಾನದ ದಿನ ಜನರ ಕಣ್ಣೆದುರು ಒಂದು ನಿಜವಾದ ಬದಲಿ ವ್ಯವಸ್ಥೆ ಇರುತ್ತಿತ್ತು.

ಇಲಾಖೆಯ ಬಗ್ಗೆ ಚಳವಳಿ ಹೇಳಿದ್ದೆಲ್ಲ ಆಮೇಲೆ ಸರ್ಕಾರಿ ಮುದ್ರೆಯೊಂದಿಗೆ ಹೊರಬಂತು. 2022ರ ಏಪ್ರಿಲ್‌ನಲ್ಲಿ ಮಿನೆಸೋಟದ ಮಾನವ ಹಕ್ಕುಗಳ ಇಲಾಖೆ ಹತ್ತು ವರ್ಷಗಳ ದಾಖಲೆಗಳನ್ನು ಜಾಲಾಡಿ, ಜನಸಂಖ್ಯೆಯಲ್ಲಿ 19 ಪ್ರತಿಶತ ಇರುವ ಕಪ್ಪು ಜನರ ಮೇಲೆ ಬಲಪ್ರಯೋಗದ 63 ಪ್ರತಿಶತ ಘಟನೆಗಳು ನಡೆದಿವೆ ಎಂದು ತೋರಿಸಿತು. 2023ರ ಜೂನ್‌ನಲ್ಲಿ ಅಮೆರಿಕದ ನ್ಯಾಯ ಇಲಾಖೆಯ ವರದಿಯೂ ಅದನ್ನೇ ಹೇಳಿತು. ಕಪ್ಪು ಜನರು ಮತ್ತು ಮೂಲನಿವಾಸಿಗಳ ವಿರುದ್ಧ ತಾರತಮ್ಯ, ಅನಗತ್ಯ ಬಲಪ್ರಯೋಗ, ಮಾನಸಿಕ ತೊಂದರೆಯಲ್ಲಿರುವವರ ಕರೆಗಳಿಗೆ ಹೋಗುವ ರೀತಿಯಲ್ಲೇ ಕಾನೂನು ಉಲ್ಲಂಘನೆ.

ಈ ಎರಡು ವರದಿಗಳಿಂದ ಎರಡು ಒಪ್ಪಂದಗಳು ಹುಟ್ಟಿದವು. ಕೇಂದ್ರ ಸರ್ಕಾರದೊಂದಿಗಿನ ಒಪ್ಪಂದಕ್ಕೆ 2025ರ ಜನವರಿಯಲ್ಲಿ ನಗರ ಸಮ್ಮತಿಸಿತು. ಟ್ರಂಪ್ ಆಡಳಿತ ಅದೇ ವರ್ಷದ ಮೇ ತಿಂಗಳಲ್ಲಿ, ಫ್ಲಾಯ್ಡ್ ಸಾವಿಗೆ ಐದು ವರ್ಷ ತುಂಬುವ ವಾರದಲ್ಲಿ, ಅದನ್ನು ಕೈಬಿಡುವುದಾಗಿ ಪ್ರಕಟಿಸಿತು. ನ್ಯಾಯಾಧೀಶರು ಪ್ರಕರಣವನ್ನು ಮುಚ್ಚಿದರು. ರಾಜ್ಯದ ಮಾನವ ಹಕ್ಕುಗಳ ಇಲಾಖೆಯೊಂದಿಗಿನ ಒಪ್ಪಂದಕ್ಕೆ 2023ರ ಜುಲೈನಲ್ಲಿ ಹೆನೆಪಿನ್ ಕೌಂಟಿ ನ್ಯಾಯಾಲಯ ಮುದ್ರೆ ಒತ್ತಿದೆ. ಬಲಪ್ರಯೋಗ, ತಪಾಸಣೆ, ತರಬೇತಿ, ದೂರುಗಳ ವಿಚಾರಣೆ ಎಲ್ಲವೂ ಅದರ ವ್ಯಾಪ್ತಿಯಲ್ಲಿವೆ, ಸ್ವತಂತ್ರ ಮೌಲ್ಯಮಾಪಕರ ತಂಡ ನಿಗಾ ಇಟ್ಟಿದೆ. ವಾಷಿಂಗ್ಟನ್‌ನಲ್ಲಿ ಯಾರು ಅಧಿಕಾರಕ್ಕೆ ಬಂದರೂ ಅದನ್ನು ರದ್ದು ಮಾಡಲು ಬರುವುದಿಲ್ಲ. 1961ರ ಆ ನಿಯಮವೂ ಚಾರ್ಟರಿನಲ್ಲಿ ಹಾಗೆಯೇ ಇದೆ.